ಡಿಗ್ರಿ ಕಾಲೇಜಿನ ಕನ್ನಡ ನೋಟ್ಸ್ ಸ್ಕ್ರೀನ್ ರೀಡರ್‌ಗೆ ಯಾಕೆ ಓದಲು ಬರುವುದಿಲ್ಲ? ಏನು ಮಾಡಬಹುದು?

ಧಾರವಾಡದ ಓದುಗಿ

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿನಿಂದ ಅಂಧೆ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿ ಈಗ ಸಮಾಜಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೇನೆ. ಪರದೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೇ ಸ್ಕ್ರೀನ್ ರೀಡರ್. ಲ್ಯಾಪ್‌ಟಾಪ್‌ನಲ್ಲಿ ಎನ್‌ವಿಡಿಎ, ಫೋನಿನಲ್ಲಿ ಟಾಕ್‌ಬ್ಯಾಕ್ ಅನ್ನುವ ಸ್ಕ್ರೀನ್ ರೀಡರ್ ಬಳಸುತ್ತೇನೆ. ಎರಡೂ ಉಚಿತ, ಎರಡೂ ಕನ್ನಡ ಓದುತ್ತವೆ. ಎನ್‌ವಿಡಿಎಯನ್ನು 2006ರಲ್ಲಿ ಶುರು ಮಾಡಿದವರೇ ಆಸ್ಟ್ರೇಲಿಯಾದ ಒಬ್ಬ ಅಂಧ ಯುವಕ. ಹಾಗಾಗಿ ನಮ್ಮ ಹತ್ತಿರ ಓದುವ ಸಾಧನ ಇಲ್ಲ ಅಂತ ಯಾರೂ ಮರುಗುವುದು ಬೇಡ. ಸಾಧನ ನನ್ನ ಬ್ಯಾಗಿನಲ್ಲೇ ಇದೆ. ಅದಕ್ಕೆ ಓದಲು ಬರುವ ಪಠ್ಯ ಸಿಗುತ್ತಿಲ್ಲ.

ಕ್ಲಾಸಿನ ವಾಟ್ಸಾಪ್ ಗುಂಪಿಗೆ ನೋಟ್ಸ್ ಬರುವುದು ಹೀಗೆ: ಕೈಬರಹದ ಪುಟಗಳ ಫೋಟೊ, ಇಲ್ಲವೇ ಜೆರಾಕ್ಸ್ ಪ್ರತಿಯನ್ನು ಸ್ಕ್ಯಾನ್ ಮಾಡಿದ ಪಿಡಿಎಫ್, ಇಲ್ಲವೇ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್. ಮೊದಲಿನ ಎರಡರಲ್ಲಿ ಸ್ಕ್ರೀನ್ ರೀಡರ್ ಪಾಲಿಗೆ ಅಕ್ಷರಗಳೇ ಇಲ್ಲ, ಬರೀ ಚಿತ್ರ. "ಗ್ರಾಫಿಕ್, ಗ್ರಾಫಿಕ್" ಅಂದು ಸುಮ್ಮನಾಗುತ್ತದೆ. ಮೂರನೆಯದರಲ್ಲಿ ಅಕ್ಷರ ಇರುತ್ತದೆ, ಆದರೆ ಅದು ಕನ್ನಡ ಅಲ್ಲ. ಹಳೆಯ ನುಡಿ ಮತ್ತು ಬರಹ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸುತ್ತವೆ. ನೋಡುವವರಿಗೆ ಕನ್ನಡ ಕಾಣುತ್ತದೆ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ನನ್ನ ಕಿವಿಗೆ ಬೀಳುವುದು ಆ ರಾಶಿ.

ನನ್ನ ಪ್ರಶ್ನೆ ಇಷ್ಟೇ. ಕ್ಲಾಸಿನ ಉಳಿದವರ ಕೈಗೆ ನೋಟ್ಸ್ ಸಿಗುವ ದಿನವೇ ನನ್ನ ಕೈಗೂ ಓದುವಂಥ ಪ್ರತಿ ಸಿಗಬೇಕಾದರೆ ಏನು ಮಾಡಬೇಕು? ಪರೀಕ್ಷೆ ಹತ್ತಿರ ಬಂದಾಗ ಯಾರೋ ಕನಿಕರದಿಂದ ಓದಿ ರೆಕಾರ್ಡ್ ಮಾಡಿ ಕೊಡುತ್ತಾರೆ. ಅವರಿಗೆ ನಾನು ಋಣಿ. ಆದರೆ ಸೆಮಿನಾರಿನಲ್ಲಿ ಪ್ರಶ್ನೆ ಕೇಳಲು, ವಾದ ಮಾಡಲು, ಅಸೈನ್‌ಮೆಂಟ್ ಬರೆಯಲು ಆ ಹೊತ್ತಿಗೆ ಕಾಲ ಮೀರಿರುತ್ತದೆ. ಕಾಲೇಜು ಅಂದರೆ ಬರೀ ಪರೀಕ್ಷೆ ಅಲ್ಲ, ಅಲ್ವಾ?

ಅರ್ಥಶಾಸ್ತ್ರದ ಮೇಷ್ಟ್ರು, ತುಮಕೂರು

ನಿಮ್ಮ ಪ್ರಶ್ನೆ ನೇರವಾಗಿದೆ, ನಾನೂ ನೇರವಾಗಿ ಕೇಳುತ್ತೇನೆ. ನಮ್ಮ ವಿಭಾಗದ ನೋಟ್ಸ್ ಬಹುಪಾಲು ಹಳೆಯ ನುಡಿಯಲ್ಲೇ ಇದೆ. ಟೈಪ್ ಮಾಡುವವರ ಬೆರಳಿಗೆ ಆ ಕೀಲಿಮಣೆ ಒಗ್ಗಿಹೋಗಿದೆ. ಈಗ ಯೂನಿಕೋಡ್ (ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ವ್ಯವಸ್ಥೆ) ಬಳಸಿ ಎಂದರೆ ಅವರು ಮೊದಲಿನಿಂದ ಟೈಪಿಂಗ್ ಕಲಿಯಬೇಕಾ? ಹಳೆಯ ಫೈಲ್‌ಗಳ ಗತಿ ಏನು?

ಇನ್ನೊಂದು ವಿಷಯ. ನನ್ನ ಪಾಠದಲ್ಲಿ ರೇಖಾಚಿತ್ರ ಜಾಸ್ತಿ. ಬೇಡಿಕೆ ರೇಖೆ, ಪೂರೈಕೆ ರೇಖೆ, ಔದಾಸೀನ್ಯ ವಕ್ರರೇಖೆ. ಅಕ್ಷರವನ್ನು ಯೂನಿಕೋಡ್ ಮಾಡಿದೆ ಅಂದುಕೊಳ್ಳಿ. ಚಿತ್ರವನ್ನು ಏನು ಮಾಡಲಿ?

ಪಠ್ಯ ಪರಿವರ್ತನೆ ಮಾಡುವವಳು

ಮೇಷ್ಟ್ರೇ, ಹೊಸದಾಗಿ ಟೈಪಿಂಗ್ ಕಲಿಯುವುದೇನೂ ಬೇಡ. ನುಡಿಯ ಹೊಸ ಆವೃತ್ತಿಗಳಲ್ಲಿ ಯೂನಿಕೋಡ್ ಇದೆ. ಕೀಲಿಗಳ ಜೋಡಣೆ ಅದೇ, ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದದ್ದು. ತಂತ್ರಾಂಶದಲ್ಲಿ ಯೂನಿಕೋಡ್ ಆಯ್ಕೆ ಮಾಡಿಕೊಂಡು, ವರ್ಡ್‌ನಲ್ಲಿ ತುಂಗಾ ಅಥವಾ ನಿರ್ಮಲಾದಂಥ ಯೂನಿಕೋಡ್ ಫಾಂಟ್ ಇಟ್ಟುಕೊಂಡರೆ ಆಯಿತು. ಬೆರಳಿನ ಅಭ್ಯಾಸ ಹಾಗೇ ಉಳಿಯುತ್ತದೆ.

ಹಳೆಯ ಫೈಲ್‌ಗಳಿಗೆ ಆಸ್ಕಿಯಿಂದ, ಅಂದರೆ ಆ ಹಳೆಯ ಫಾಂಟ್‌ಗಳ ರೀತಿಯಿಂದ, ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ, ಉಚಿತವಾಗಿಯೇ ಸಿಗುತ್ತವೆ. ಇಡೀ ಅಧ್ಯಾಯ ಅಂಟಿಸಿದರೆ ಕ್ಷಣದಲ್ಲಿ ಬದಲಾಗುತ್ತದೆ. ಆದರೆ ಬದಲಾದ ಮೇಲೆ ಯಾರಾದರೂ ಒಮ್ಮೆ ಓದಲೇಬೇಕು. ನೋಟ್ಸ್ ನಡುವೆ ಬರುವ ಇಂಗ್ಲಿಷ್ ಪದಗಳನ್ನೂ ಪರಿವರ್ತಕ ಕನ್ನಡ ಅಂದುಕೊಂಡು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತದೆ. ಅರ್ಥಶಾಸ್ತ್ರದ ನೋಟ್ಸ್‌ನಲ್ಲಿ ಅಂಥ ಪದ ಎಷ್ಟಿರುತ್ತವೆ ಅಂತ ನಿಮಗೇ ಗೊತ್ತು. ಅರ್ಕಾವತ್ತು ಮತ್ತು ಒತ್ತಕ್ಷರಗಳ ಮೇಲೂ ಕಣ್ಣಿಡಿ.

ಅಚ್ಚಾದ ಪುಸ್ತಕ ಆದರೆ ಓಸಿಆರ್, ಅಂದರೆ ಚಿತ್ರದಲ್ಲಿರುವ ಅಕ್ಷರ ಗುರುತಿಸಿ ಪಠ್ಯ ಮಾಡುವ ತಂತ್ರ, ಬೇಕು. ಪುಟವನ್ನು ನೆರಳು ಬೀಳದ ಹಾಗೆ ಸ್ಕ್ಯಾನ್ ಮಾಡಿ, ಗೂಗಲ್ ಡ್ರೈವ್‌ಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಪಠ್ಯ ಬರುತ್ತದೆ. ಟೆಸರಾಕ್ಟ್ ಅನ್ನುವ ಮುಕ್ತ ತಂತ್ರಾಂಶವೂ ಕನ್ನಡ ಓದುತ್ತದೆ, ಅದಕ್ಕೆ ಇಂಟರ್ನೆಟ್ ಬೇಡ. ಒಳ್ಳೆಯ ಅಚ್ಚಿನ ಪುಟ ಚೆನ್ನಾಗಿಯೇ ಬರುತ್ತದೆ. ಎಡವುವುದು ಇಂಥ ಕಡೆ: ಅನುಸ್ವಾರಕ್ಕೂ ಕನ್ನಡದ ಸೊನ್ನೆಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಘ ಮತ್ತು ಫ ಅದಲುಬದಲಾಗುತ್ತವೆ. ಎರಡು ಕಾಲಂ ಇದ್ದರೆ ಎಡದ ಅರ್ಧ ಸಾಲಿಗೆ ಬಲದ ಅರ್ಧ ಸಾಲು ಸೇರಿಕೊಳ್ಳುತ್ತದೆ. ಪುಟದ ಸಂಖ್ಯೆ ವಾಕ್ಯದ ಮಧ್ಯೆ ಬಂದು ಕೂರುತ್ತದೆ. ಇಸವಿ ತಪ್ಪಿದರಂತೂ ಇತಿಹಾಸದ ವಿದ್ಯಾರ್ಥಿ ತಪ್ಪನ್ನೇ ಬಾಯಿಪಾಠ ಮಾಡುತ್ತಾನೆ. ಅಂಕಿಗಳನ್ನು ಮೂಲದ ಜೊತೆ ಇಟ್ಟು ನೋಡದೆ ಯಾವ ಫೈಲನ್ನೂ ಕೊಡಬೇಡಿ.

ಇಷ್ಟೆಲ್ಲ ಮಾಡಿ ಕೊನೆಗೆ ಪಿಡಿಎಫ್ ಮಾಡಿ ಕಳಿಸುವವರೂ ಇದ್ದಾರೆ. ದಯವಿಟ್ಟು ಬೇಡ. ಯೂನಿಕೋಡ್ ಫಾಂಟ್ ಬಳಸಿದ್ದರೂ ಪಿಡಿಎಫ್ ಒಳಗೆ ಕನ್ನಡದ ಸ್ವರಚಿಹ್ನೆ, ಒತ್ತುಗಳ ಕ್ರಮ ಎಷ್ಟೋ ಸಲ ಹಿಂದುಮುಂದಾಗುತ್ತದೆ. ಕಣ್ಣಿಗೆ ಸರಿ ಕಾಣುತ್ತದೆ, ಕಿವಿಗೆ ಬೇರೆಯೇ ಕೇಳುತ್ತದೆ. ವರ್ಡ್ ಫೈಲನ್ನೇ ಕೊಡಿ. ಪುಸ್ತಕ ದೊಡ್ಡದಾದರೆ ಇಪಬ್ (ಇ-ಪುಸ್ತಕದ ಫೈಲ್) ಮಾಡಿ.

ಧಾರವಾಡದ ಓದುಗಿ

ಅಕ್ಕ ಹೇಳಿದ ಪಿಡಿಎಫ್ ಮಾತು ನೂರಕ್ಕೆ ನೂರು ಸರಿ. ಜೊತೆಗೆ ಒಂದು ಕೋರಿಕೆ. ತಲೆಬರಹವನ್ನು ಸುಮ್ನೆ ದಪ್ಪ ಅಕ್ಷರ ಮಾಡಿ ಬಿಡಬೇಡಿ. ವರ್ಡ್‌ನಲ್ಲಿ ಹೆಡಿಂಗ್ ಸ್ಟೈಲ್ ಹಾಕಿ. ಆಗ ಎನ್‌ವಿಡಿಎಯಲ್ಲಿ ಎಚ್ ಕೀಲಿ ಒತ್ತಿ ಒಂದು ತಲೆಬರಹದಿಂದ ಇನ್ನೊಂದಕ್ಕೆ ಹೋಗಬಹುದು. ಅದಿಲ್ಲದಿದ್ದರೆ ಐದನೇ ಘಟಕದ ಒಂದು ಪ್ಯಾರಾ ಹುಡುಕಲು ಮೊದಲನೇ ಸಾಲಿನಿಂದ ಕೇಳುತ್ತಾ ಬರಬೇಕು.

ಪಠ್ಯ ಪರಿವರ್ತನೆ ಮಾಡುವವಳು

ಮೇಷ್ಟ್ರ ರೇಖಾಚಿತ್ರದ ಪ್ರಶ್ನೆ ಬಾಕಿ ಇತ್ತು. ಚಿತ್ರದ ಕೆಳಗೆ "ಚಿತ್ರ 2: ಬೇಡಿಕೆ ರೇಖೆ" ಅಂತಷ್ಟೇ ಬರೆದರೆ ಏನೂ ಗೊತ್ತಾಗುವುದಿಲ್ಲ. ಹೀಗೆ ಬರೆಯಿರಿ: "ಲಂಬ ಅಕ್ಷದಲ್ಲಿ ಬೆಲೆ, ಅಡ್ಡ ಅಕ್ಷದಲ್ಲಿ ಬೇಡಿಕೆಯ ಪ್ರಮಾಣ. ರೇಖೆ ಎಡಗಡೆ ಮೇಲಿನಿಂದ ಬಲಗಡೆ ಕೆಳಕ್ಕೆ ಇಳಿಯುತ್ತದೆ. ಬೆಲೆ 10 ರೂಪಾಯಿ ಇದ್ದಾಗ ಬೇಡಿಕೆ 20 ಕೆ.ಜಿ., ಬೆಲೆ 5 ರೂಪಾಯಿಗೆ ಇಳಿದಾಗ 40 ಕೆ.ಜಿ." ನೀವು ಬೋರ್ಡಿನ ಮುಂದೆ ನಿಂತು ಬಾಯಲ್ಲಿ ಹೇಳುವುದು ಇದನ್ನೇ. ಆ ಮಾತು ಕಾಗದಕ್ಕೆ ಬರಬೇಕು, ಅಷ್ಟೇ.

ಬೆರಳಿಗೂ ಸಿಗಬೇಕು ಅಂದರೆ ದಪ್ಪ ರಟ್ಟಿನ ಮೇಲೆ ಫೆವಿಕಾಲ್ ಹಚ್ಚಿ ದಾರ ಅಂಟಿಸಿ. ಅಕ್ಷಗಳಿಗೆ ತೆಳು ದಾರ, ರೇಖೆಗೆ ದಪ್ಪ ದಾರ. ಐಐಟಿ ದೆಹಲಿಯವರು ಉಬ್ಬು ಚಿತ್ರಗಳನ್ನು ದೊಡ್ಡ ಪ್ರಮಾಣದಲ್ಲಿ ಮಾಡುವ ಕೆಲಸ ಮಾಡಿದ್ದಾರೆ. ಆದರೆ ನಿಮ್ಮ ತರಗತಿಯ ನಾಲ್ಕಾರು ಚಿತ್ರಗಳಿಗೆ ದಾರ ಮತ್ತು ರಟ್ಟು ಸಾಕು. ಔದಾಸೀನ್ಯ ವಕ್ರರೇಖೆಯನ್ನು ಒಮ್ಮೆ ಬೆರಳಿನಿಂದ ಮುಟ್ಟಿ ನೋಡಿದವರಿಗೆ ಅದು ಮೂಲಬಿಂದುವಿನ ಕಡೆ ಹೇಗೆ ಉಬ್ಬಿದೆ ಅಂತ ವಿವರಿಸುವ ಕಷ್ಟವೇ ಇರುವುದಿಲ್ಲ.

ಅತಿಥಿ ಉಪನ್ಯಾಸಕ

ಒಂದು ಕಷ್ಟ ಹೇಳಿಕೊಳ್ಳುತ್ತೇನೆ, ಯಾರೂ ತಪ್ಪು ತಿಳಿಯಬೇಡಿ. ನನಗೆ ಎರಡು ಕಾಲೇಜಿನಲ್ಲಿ ಪಾಠ. ಸಂಬಳ ತಿಂಗಳಿಗೆ ಸರಿಯಾಗಿ ಬರುವುದಿಲ್ಲ. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲ. ನನ್ನ ನೋಟ್ಸ್‌ನ ವರ್ಡ್ ಫೈಲ್ ಕೊಟ್ಟರೆ ಅದು ಯಾವ್ಯಾವುದೋ ಜೆರಾಕ್ಸ್ ಅಂಗಡಿಯಲ್ಲಿ ಮಾರಾಟಕ್ಕೆ ಬರುತ್ತದೆ. ಅದಕ್ಕೇ ಅನೇಕರು ಪಿಡಿಎಫ್ ಅಥವಾ ಫೋಟೊ ಕೊಡುವುದು. ಪುಸ್ತಕ ಸ್ಕ್ಯಾನ್ ಮಾಡಿ ಕೊಡಲೂ ಕಾಪಿರೈಟ್ ಭಯ. ಪ್ರಕಾಶಕರು ಕೇಸ್ ಹಾಕಿದರೆ ನನ್ನ ಪರ ನಿಲ್ಲುವವರು ಯಾರು?

ಗ್ರಂಥಪಾಲಕಿ

ಸರ್, ಕಾಪಿರೈಟ್ ಭಯ ಬೇಡ. ಇದರ ಬಗ್ಗೆ ಕಾನೂನು ಸ್ಪಷ್ಟವಾಗಿದೆ. ಆದರೆ ನಮ್ಮ ಕಾಲೇಜುಗಳಲ್ಲಿ ಅದು ಬಹಳ ಜನಕ್ಕೆ ತಲುಪಿಲ್ಲ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಆಯಿತು. 52ನೇ ಕಲಮಿನಲ್ಲಿ ಹೊಸ ಉಪಖಂಡವೊಂದು ಸೇರಿತು. ಸಾಮಾನ್ಯ ರೂಪದ ಪುಸ್ತಕವನ್ನು ಅಂಗವಿಕಲರಿಗೆ ಓದಲು ಆಗದಿದ್ದರೆ, ಅವರಿಗೆ ಓದಲು ಬರುವ ರೂಪದಲ್ಲಿ ಅದರ ಪ್ರತಿಯನ್ನು ಯಾರು ಬೇಕಾದರೂ ಮಾಡಬಹುದು, ಸ್ವಂತ ಓದಿಗೆ, ಶಿಕ್ಷಣಕ್ಕೆ, ಸಂಶೋಧನೆಗೆ ಅವರೊಂದಿಗೆ ಹಂಚಿಕೊಳ್ಳಬಹುದು. ಅಂಗವಿಕಲರಿಗಾಗಿ ಕೆಲಸ ಮಾಡುವ ಸಂಸ್ಥೆಗಳೂ ಮಾಡಬಹುದು, ಲಾಭ ಮಾಡಿಕೊಳ್ಳುವಂತಿಲ್ಲ. ಪ್ರಕಾಶಕರ ಅನುಮತಿ ಕೇಳಬೇಕಿಲ್ಲ. ಬ್ರೈಲ್ ಆಗಿರಬಹುದು, ಆಡಿಯೊ ಆಗಿರಬಹುದು, ವರ್ಡ್ ಫೈಲ್ ಆಗಿರಬಹುದು.

ಇಡೀ ಪ್ರಪಂಚಕ್ಕೆ ಇಂಥದ್ದೇ ಅವಕಾಶ ಕೊಟ್ಟದ್ದು 2013ರ ಮರಾಕೆಶ್ ಒಪ್ಪಂದ. ಅದನ್ನು ಅಂಗೀಕರಿಸಿದ ಮೊದಲ ದೇಶ ಭಾರತ, 2014ರಲ್ಲಿ. ಒಪ್ಪಂದ 2016ರ ಸೆಪ್ಟೆಂಬರ್ 30ರಿಂದ ಜಾರಿಗೆ ಬಂತು. ಎಲ್ಲರಿಗಿಂತ ಮೊದಲು ಅಂಗೀಕರಿಸಿದ ದೇಶದ ಕಾಲೇಜಿನಲ್ಲಿ ಒಬ್ಬ ಹುಡುಗಿಗೆ ಸಮಾಜಶಾಸ್ತ್ರದ ನೋಟ್ಸ್ ಸಿಗುವುದಿಲ್ಲ ಅಂದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ನಿಮ್ಮ ನೋಟ್ಸ್ ಮಾರಾಟ ಆಗುವ ಭಯ ಮಾತ್ರ ಒಪ್ಪುವಂಥದ್ದೇ. ಅದಕ್ಕೆ ದಾರಿ ಇದೆ. ಫೈಲನ್ನು ಕ್ಲಾಸಿನ ಗುಂಪಿಗೆ ಹಾಕಬೇಡಿ, ಗ್ರಂಥಾಲಯಕ್ಕೆ ಕೊಡಿ. ನಾವು ಆ ವಿದ್ಯಾರ್ಥಿಯ ಹೆಸರಿನಲ್ಲಿ ದಾಖಲೆ ಮಾಡಿಕೊಂಡು ಅವರಿಗಷ್ಟೇ ಕೊಡುತ್ತೇವೆ. ಮುಂದಿನ ವರ್ಷ ಇನ್ನೊಬ್ಬ ಅಂಧ ವಿದ್ಯಾರ್ಥಿ ಬಂದರೆ ಅದೇ ಫೈಲ್ ಸಿದ್ಧ ಇರುತ್ತದೆ. ಈಗ ಏನಾಗುತ್ತಿದೆ ನೋಡಿ. ಒಂದೇ ಪಠ್ಯಪುಸ್ತಕವನ್ನು ಕಲಬುರಗಿಯಲ್ಲಿ ಒಬ್ಬರು, ಮಂಡ್ಯದಲ್ಲಿ ಒಬ್ಬರು, ಶಿವಮೊಗ್ಗದಲ್ಲಿ ಒಬ್ಬರು ಬೇರೆ ಬೇರೆಯಾಗಿ ಸ್ಕ್ಯಾನ್ ಮಾಡಿ ತಿದ್ದುತ್ತಾ ಕೂತಿರುತ್ತಾರೆ. ಒಬ್ಬರ ಶ್ರಮ ಇನ್ನೊಬ್ಬರಿಗೆ ಗೊತ್ತೇ ಆಗುವುದಿಲ್ಲ.

ಇದಕ್ಕಾಗಿಯೇ ಸುಗಮ್ಯ ಪುಸ್ತಕಾಲಯ ಇದೆ. 2016ರ ಆಗಸ್ಟ್‌ನಲ್ಲಿ ಶುರುವಾದ ಆನ್‌ಲೈನ್ ಗ್ರಂಥಾಲಯ ಅದು. ಇಂಥ ಪುಸ್ತಕ ತಯಾರಿಸುವ ಸಂಸ್ಥೆಗಳ ಒಕ್ಕೂಟವಾದ ಡೈಸಿ ಫೋರಂ ಆಫ್ ಇಂಡಿಯಾ ನಡೆಸುತ್ತದೆ. ಅಚ್ಚಿನ ಪುಸ್ತಕ ಓದಲಾಗದವರು ಸದಸ್ಯರಾಗಬಹುದು. ಬೆಂಗಳೂರಿನ ಮಿತ್ರಜ್ಯೋತಿ ಸಂಸ್ಥೆಯಲ್ಲಿ ಧ್ವನಿ ಪುಸ್ತಕಗಳ ಗ್ರಂಥಾಲಯ ಇದೆ. ಮೈಸೂರಿನಲ್ಲಿ ಸರ್ಕಾರಿ ಬ್ರೈಲ್ ಮುದ್ರಣಾಲಯ ಇದೆ. ಹೊಸ ಪುಸ್ತಕ ಪರಿವರ್ತನೆಗೆ ಕೂರುವ ಮೊದಲು ಈ ಕಡೆಗಳಲ್ಲಿ ಒಮ್ಮೆ ವಿಚಾರಿಸಿ.

ಧಾರವಾಡದ ಓದುಗಿ

ಮೇಡಂ, ಸುಗಮ್ಯದಲ್ಲಿ ನಾನು ಸದಸ್ಯೆ. ಇಂಗ್ಲಿಷ್ ಪುಸ್ತಕಗಳಿಗೆ ಬಹಳ ಉಪಯೋಗ ಆಗಿದೆ. ಆದರೆ ನಮ್ಮ ವಿಶ್ವವಿದ್ಯಾಲಯದ ಸಿಲಬಸ್‌ಗೆ ಅಂತ ಬರೆದ ಕನ್ನಡ ಪುಸ್ತಕಗಳು ನನಗೆ ಅಲ್ಲಿ ಸಿಕ್ಕಿಲ್ಲ. ಸಿಲಬಸ್ ಬದಲಾದಾಗಲೆಲ್ಲ ಪುಸ್ತಕವೂ ಬದಲಾಗುತ್ತದೆ. ಅದಕ್ಕೇ ಕಾಲೇಜಿನಿಂದಲೇ ಫೈಲ್ ಬರಬೇಕು ಅನ್ನುತ್ತಿರುವುದು.

ತಂಗಿಯ ಪರವಾಗಿ, ಹಾಸನ

ಇಲ್ಲಿ ಎಲ್ಲರೂ ಕಣ್ಣಿನ ಬಗ್ಗೆ ಮಾತಾಡುತ್ತಿದ್ದೀರಿ. ನನ್ನ ತಂಗಿಗೆ ಕಿವಿ ಕೇಳಿಸುವುದಿಲ್ಲ. ಬಿ.ಕಾಂ. ಎರಡನೇ ವರ್ಷ. ಅವಳಿಗೆ ಅಚ್ಚಿನ ನೋಟ್ಸ್ ಓದಲು ಅಡ್ಡಿ ಇಲ್ಲ. ಆದರೆ ಪಾಠದ ಮುಕ್ಕಾಲು ಪಾಲು ನೋಟ್ಸ್‌ನಲ್ಲಿ ಇರುವುದೇ ಇಲ್ಲ, ಮೇಷ್ಟ್ರ ಬಾಯಲ್ಲಿ ಇರುತ್ತದೆ. ಲೆಕ್ಕ ಬಿಡಿಸುತ್ತಾ ಬೋರ್ಡಿನ ಕಡೆ ತಿರುಗಿ ಮಾತಾಡಿದರೆ ತುಟಿಯೂ ಕಾಣುವುದಿಲ್ಲ. ವಿಡಿಯೊ ಪಾಠ ಕಳಿಸುತ್ತಾರೆ, ಅದರಲ್ಲಿ ಮಾತನ್ನು ಅಕ್ಷರದಲ್ಲಿ ತೋರಿಸುವ ಒಂದು ಸಾಲು ಶೀರ್ಷಿಕೆಯೂ ಇರುವುದಿಲ್ಲ.

ನಾವು ಈಗ ಮಾಡುತ್ತಿರುವುದು: ಫೋನಿನಲ್ಲಿ ಲೈವ್ ಟ್ರಾನ್ಸ್‌ಕ್ರೈಬ್ ಹಾಕಿ ಮೇಷ್ಟ್ರ ಮೇಜಿನ ಮೇಲೆ ಇಡುತ್ತೇವೆ. ಅದು ಕನ್ನಡವನ್ನು ಅಕ್ಷರ ಮಾಡಿ ತೋರಿಸುತ್ತದೆ. ಪಾಠ ಮುಗಿದ ಮೇಲೆ ಅವಳು ಆ ಪಠ್ಯ ಓದಿಕೊಳ್ಳುತ್ತಾಳೆ. ಹಿಂದಿನ ಬೆಂಚಿನಿಂದ ಪ್ರಯೋಜನ ಇಲ್ಲ, ಫ್ಯಾನಿನ ಸದ್ದೇ ಜಾಸ್ತಿ. ಕಾಮರ್ಸ್‌ನ ಪದಗಳು ತಪ್ಪುತಪ್ಪಾಗಿ ಬರುತ್ತವೆ. ಪಾಠದಲ್ಲಿ ಬರುವ ಹೊಸ ಪದಗಳ ಪಟ್ಟಿಯನ್ನು ಒಂದು ದಿನ ಮೊದಲೇ ಕೊಟ್ಟರೆ ಅವಳಿಗೆ ಅರ್ಧ ಭಾರ ಇಳಿಯುತ್ತದೆ. ಒಬ್ಬ ಮೇಡಂ ಹಾಗೆ ಕೊಡುತ್ತಾರೆ. ಆ ವಿಷಯದಲ್ಲಿ ತಂಗಿ ಕ್ಲಾಸಿಗೇ ಮುಂದೆ.

ಸಂಜ್ಞಾ ಭಾಷೆಯಲ್ಲೇ ಬೆಳೆದ ಮಕ್ಕಳಿಗೆ ಬರೆದ ಕನ್ನಡವೂ ಎರಡನೇ ಭಾಷೆ. ಅವರಿಗೆ ಶೀರ್ಷಿಕೆ ಹಾಕಿದರೂ ಸಾಲದು. ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಕೇಂದ್ರ 2021ರಲ್ಲಿ ನಿಘಂಟನ್ನು 10,000 ಪದಗಳಿಗೆ ಬೆಳೆಸಿತು. ಶಾಲೆಯ ಪಠ್ಯಗಳನ್ನು ಸಂಜ್ಞಾ ಭಾಷೆಗೆ ತರಲು ಎನ್‌ಸಿಇಆರ್‌ಟಿ ಜೊತೆ 2020ರಲ್ಲಿ ಒಪ್ಪಂದ ಮಾಡಿಕೊಂಡಿತು. ಡಿಗ್ರಿ ಪಠ್ಯಕ್ಕೂ ಅಂಥ ಕೆಲಸ ಬೇಕು.

ಚಕ್ರದ ಮೇಲೆ

ನನಗೆ ಸೆರೆಬ್ರಲ್ ಪಾಲ್ಸಿ. ಕಣ್ಣು, ಕಿವಿ ಚೆನ್ನಾಗಿವೆ. ಆದರೆ ದಪ್ಪ ಪುಸ್ತಕ ಹಿಡಿದು ಪುಟ ತಿರುಗಿಸಲು ಕೈ ಕೇಳುವುದಿಲ್ಲ. ಗ್ರಂಥಾಲಯ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ರೆಫರೆನ್ಸ್ ಪುಸ್ತಕ ಹೊರಗೆ ಕೊಡುವುದಿಲ್ಲ. ಅಂದರೆ ಆ ಪುಸ್ತಕ ನನ್ನ ಪಾಲಿಗೆ ಇಲ್ಲ. ಗ್ರಂಥಪಾಲಕಿ ಮೇಡಂ ಹೇಳಿದ ಕಾನೂನು ನನಗೂ ಅನ್ವಯಿಸುತ್ತದಾ, ಅಥವಾ ಅಂಧರಿಗೆ ಮಾತ್ರವಾ?

ಗ್ರಂಥಪಾಲಕಿ

ನಿಮಗೂ ಖಂಡಿತ ಅನ್ವಯಿಸುತ್ತದೆ. ಕಾಯ್ದೆಯಲ್ಲಿ ಅಂಧರು ಅಂತಷ್ಟೇ ಹೇಳಿಲ್ಲ, ಅಂಗವಿಕಲ ವ್ಯಕ್ತಿಗಳು ಅಂತ ಇದೆ. ಮರಾಕೆಶ್ ಒಪ್ಪಂದದಲ್ಲೂ ಪುಸ್ತಕ ಹಿಡಿಯಲಾಗದ, ಪುಟ ತಿರುಗಿಸಲಾಗದವರ ಬಗ್ಗೆ ಬಿಡಿಸಿಯೇ ಬರೆದಿದೆ. ಡಿಸ್ಲೆಕ್ಸಿಯಾ, ಅಂದರೆ ಅಕ್ಷರ ಗುರುತಿಸಿ ಓದುವುದೇ ಕಷ್ಟ ಆಗುವ ತೊಂದರೆ, ಇರುವವರೂ ಕೇಳಬಹುದು. ಅವರಿಗೆ ದೊಡ್ಡ ಅಕ್ಷರ, ಸಾಲುಗಳ ನಡುವೆ ಜಾಗ, ಜೊತೆಗೆ ಆಡಿಯೊ ಇದ್ದರೆ ಓದು ಹಗುರ ಆಗುತ್ತದೆ. ವರ್ಡ್ ಫೈಲ್ ಇದ್ದರೆ ಅದನ್ನೆಲ್ಲ ಅವರೇ ಹೊಂದಿಸಿಕೊಳ್ಳಬಹುದು.

ಹುಬ್ಬಳ್ಳಿ ವಕೀಲೆ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಗ್ಗೆ ಸ್ವಲ್ಪ ಹೇಳುತ್ತೇನೆ. ಇದು ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. 21 ಬಗೆಯ ಅಂಗವೈಕಲ್ಯಗಳು ಇದರಲ್ಲಿವೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5ರಷ್ಟು ಸೀಟು ಮೀಸಲು ಅಂತ 32ನೇ ಕಲಮು ಹೇಳುತ್ತದೆ. ಸೀಟು ಕೊಟ್ಟ ಮೇಲೆ ಪುಸ್ತಕ?

ಇಲ್ಲೊಂದು ಕಂದಕ ಇದೆ. ಪುಸ್ತಕ, ಕಲಿಕಾ ಸಾಮಗ್ರಿ, ಸಾಧನಗಳನ್ನು ಉಚಿತವಾಗಿ ಕೊಡಬೇಕು ಅನ್ನುವ 17ನೇ ಕಲಮಿನ ಮಾತು 18 ವರ್ಷದವರೆಗೆ ಮಾತ್ರ. ಡಿಗ್ರಿಗೆ ಕಾಲಿಡುವ ಹೊತ್ತಿಗೆ ಹೆಚ್ಚಿನವರಿಗೆ 18 ತುಂಬುತ್ತದೆ. ಓದು ಕಷ್ಟ ಆಗುವುದು ಆಗಲೇ, ಆ ಮಾತು ಕೈಬಿಡುವುದೂ ಆಗಲೇ. ಶಾಸನದ ಈ ಮಿತಿ ಬದಲಾಗಬೇಕು ಅಂತ ನಾನು ನಂಬುತ್ತೇನೆ.

ಹಾಗಂತ ಕೈಕಟ್ಟಿ ಕೂರಬೇಕಿಲ್ಲ. 16ನೇ ಕಲಮಿನಲ್ಲಿ ಪ್ರತಿ ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡುವ ಮಾತಿದೆ, ಅಲ್ಲಿ ವಯಸ್ಸಿನ ಮಿತಿ ಇಲ್ಲ. 42ನೇ ಕಲಮು ಅಚ್ಚು, ಧ್ವನಿ, ಡಿಜಿಟಲ್ ಮಾಹಿತಿಯೆಲ್ಲ ಎಲ್ಲರಿಗೂ ಸಿಗುವ ರೂಪದಲ್ಲಿ ಇರಬೇಕು ಅನ್ನುತ್ತದೆ. 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ಅನುಕೂಲವನ್ನು ಹಕ್ಕಾಗಿ ನೋಡಿತು. ಅದು ಪರೀಕ್ಷೆಯಲ್ಲಿ ಉತ್ತರ ಬರೆದುಕೊಡುವವರ ಸಹಾಯ ಕೇಳಿದ ಪ್ರಕರಣ. ಆದರೆ ಅದರ ತರ್ಕ ನೋಟ್ಸ್‌ಗೂ ಸಲ್ಲುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಯುಜಿಸಿ ಕೂಡ 2022ರಲ್ಲಿ ವಿಶ್ವವಿದ್ಯಾಲಯಗಳಿಗೆ ಸುಗಮ್ಯತೆಯ ಮಾರ್ಗಸೂಚಿ ಕೊಟ್ಟಿದೆ. ಸರ್ಕಾರಿ ಕಾಲೇಜಾದರೆ ದೂರು ಕೇಳುವ ಅಧಿಕಾರಿಯೊಬ್ಬರು ಇರಲೇಬೇಕು, ಅದು 23ನೇ ಕಲಮು. ಅಲ್ಲಿ ಆಗದಿದ್ದರೆ ರಾಜ್ಯ ಅಂಗವಿಕಲರ ಆಯುಕ್ತರ ಕಚೇರಿಗೆ ಹೋಗಬಹುದು.

ಆದರೆ ಮೊದಲು ಬರವಣಿಗೆಯಲ್ಲಿ ಕೇಳಿ. ಬಾಯಲ್ಲಿ ಕೇಳಿದ್ದಕ್ಕೆ ಯಾವ ಕಚೇರಿಯಲ್ಲೂ ದಾಖಲೆ ಇರುವುದಿಲ್ಲ.

ಅರ್ಥಶಾಸ್ತ್ರದ ಮೇಷ್ಟ್ರು, ತುಮಕೂರು

ಈ ಚರ್ಚೆ ನೋಡಿದ ಮೇಲೆ ನಮ್ಮ ವಿಭಾಗದಲ್ಲಿ ಮಾತಾಡಿದೆ. ಹೊಸ ನೋಟ್ಸ್ ಎಲ್ಲ ಯೂನಿಕೋಡ್‌ನಲ್ಲೇ ಟೈಪ್ ಆಗುತ್ತದೆ. ಹಳೆಯದನ್ನು ಪರಿವರ್ತಿಸಿ ತಿದ್ದುವ ಕೆಲಸವನ್ನು ಎನ್‌ಎಸ್‌ಎಸ್ ವಿದ್ಯಾರ್ಥಿಗಳು ವಹಿಸಿಕೊಳ್ಳುತ್ತಾರೆ. ಅಂಕಿ, ಇಸವಿ, ಸೂತ್ರ ಇರುವ ಪುಟಗಳನ್ನು ನಾನೇ ನೋಡುತ್ತೇನೆ. ಅತಿಥಿ ಉಪನ್ಯಾಸಕ ಮಿತ್ರರಿಗೆ ಒಂದು ಮಾತು: ನಿಮ್ಮ ಮೇಲೆ ಈ ಭಾರ ಹೊರಿಸುವುದು ಅನ್ಯಾಯ. ಇದು ಕಾಲೇಜಿನ ಕೆಲಸ, ಕಾಲೇಜು ಇದಕ್ಕೆ ಜನ ಮತ್ತು ಸಮಯ ಕೊಡಬೇಕು.

ಧಾರವಾಡದ ಓದುಗಿ

ಸರ್, ಓದಿ ಬಹಳ ಖುಷಿ ಆಯಿತು. ವಕೀಲೆ ಮೇಡಂ ಹೇಳಿದ ಹಾಗೆ ಒಂದು ಅರ್ಜಿ ಬರೆದಿದ್ದೇನೆ. ಬೇಕಾದವರು ತಮ್ಮ ವಿಷಯಕ್ಕೆ ತಕ್ಕಂತೆ ಬದಲಿಸಿಕೊಳ್ಳಿ.

"ವಿಭಾಗದ ಮುಖ್ಯಸ್ಥರಿಗೆ. ಮಾನ್ಯರೇ, ನಾನು ತಮ್ಮ ವಿಭಾಗದ ಅಂಧ ವಿದ್ಯಾರ್ಥಿನಿ. ಸ್ಕ್ರೀನ್ ರೀಡರ್ ಮೂಲಕ ಓದುತ್ತೇನೆ. ಈ ಸೆಮಿಸ್ಟರ್‌ನ ಎಲ್ಲ ಪತ್ರಿಕೆಗಳ ನೋಟ್ಸ್, ಓದಿನ ಪಟ್ಟಿ ಮತ್ತು ಹಿಂದಿನ ಪ್ರಶ್ನೆಪತ್ರಿಕೆಗಳನ್ನು ಯೂನಿಕೋಡ್ ಕನ್ನಡದ ವರ್ಡ್ ಫೈಲ್ ಆಗಿ, ಇತರ ವಿದ್ಯಾರ್ಥಿಗಳಿಗೆ ಕೊಡುವ ದಿನವೇ ನನಗೂ ಕೊಡಿಸಬೇಕೆಂದು ಕೋರುತ್ತೇನೆ. ಚಿತ್ರ ಮತ್ತು ಕೋಷ್ಟಕಗಳಿಗೆ ಅಕ್ಷರದಲ್ಲಿ ವಿವರಣೆ ಬೇಕು. ಫೈಲ್‌ಗಳನ್ನು ನನ್ನ ಓದಿಗೆ ಮಾತ್ರ ಬಳಸುತ್ತೇನೆ, ಬೇರೆಯವರಿಗೆ ಕೊಡುವುದಿಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 16 ಮತ್ತು 42ನೇ ಕಲಮುಗಳ ಅಡಿ ಈ ಕೋರಿಕೆ ಸಲ್ಲಿಸುತ್ತಿದ್ದೇನೆ. ಅಂಗವೈಕಲ್ಯದ ಗುರುತಿನ ಚೀಟಿಯ ಪ್ರತಿ ಲಗತ್ತಿಸಿದೆ."

ಏನಾದರೂ ಬಿಟ್ಟುಹೋಗಿದ್ದರೆ ತಿಳಿಸಿ.

ಹುಬ್ಬಳ್ಳಿ ವಕೀಲೆ

ಚೆನ್ನಾಗಿದೆ. ಎಷ್ಟು ದಿನದೊಳಗೆ ಲಿಖಿತ ಉತ್ತರ ಬೇಕು ಅಂತಲೂ ಬರೆಯಿರಿ, 15 ದಿನ ಅಂತ ಹಾಕಿ. ಒಂದು ಪ್ರತಿ ಪ್ರಾಂಶುಪಾಲರಿಗೆ, ಒಂದು ಗ್ರಂಥಾಲಯಕ್ಕೆ. ಕಚೇರಿಯಲ್ಲಿ ಕೊಟ್ಟಾಗ ನಿಮ್ಮ ಪ್ರತಿಯ ಮೇಲೆ ಸೀಲ್ ಮತ್ತು ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಆ ಪ್ರತಿಯ ಫೋಟೊ ತೆಗೆದು ಇಟ್ಟುಕೊಳ್ಳಿ.

ಚಕ್ರದ ಮೇಲೆ

ಇದನ್ನೇ ಇಟ್ಟುಕೊಂಡು ರೆಫರೆನ್ಸ್ ಪುಸ್ತಕಗಳಿಗೆ ನಾನೂ ಅರ್ಜಿ ಬರೆಯುತ್ತಿದ್ದೇನೆ. ಸೋಮವಾರ ಕೊಡುತ್ತೇನೆ. ಏನು ಉತ್ತರ ಬಂತು ಅಂತ ಇಲ್ಲೇ ಹಾಕುತ್ತೇನೆ.